ಮಕ್ಕಳಿಲ್ಲದವಳ ಪಿತೃಋಣ

ನಮ್ಮ ಹೆಮ್ಮರಗಾಲಕ್ಕೆ ದೂರದೂರದಿಂದ ಜನ ಬರುವುದು ಮಗು ಬೇಡಿಕೊಂಡು. ಸಂತಾನ ವೇಣುಗೋಪಾಲಸ್ವಾಮಿಯ ಮುಂದೆ ನಾನೂ, ನಮ್ಮ ಯಜಮಾನರೂ ಕೈಮುಗಿದು ನಿಂತವರೇ. ಮಕ್ಕಳಾಗಲಿಲ್ಲ. ದೇವರ ಮೇಲೆ ಮುನಿಸಿಲ್ಲ. ಕಾಡಿದ್ದು ಋಣದ ಮಾತು. ಋಷಿಗಳ ಋಣ ಬ್ರಹ್ಮಚರ್ಯದಿಂದ, ದೇವತೆಗಳದು ಯಜ್ಞದಿಂದ, ಪಿತೃಗಳದು ಸಂತಾನದಿಂದ ತೀರಬೇಕು ಎನ್ನುತ್ತದೆ ತೈತ್ತಿರೀಯ ಸಂಹಿತೆ. ಹಾಗಾದರೆ ನನ್ನಂಥವಳ ಸಾಲ ಹಾಗೇ ಉಳಿಯಿತೇ?

ಹಿರಿಯರ ಹಬ್ಬದಲ್ಲಿ ಎಡೆ ಇಟ್ಟು, ಹೊಸ ಸೀರೆ ಪಂಚೆ ಮಡಿಸಿಟ್ಟು ಧೂಪ ಹಾಕುವಾಗ ಅತ್ತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಮೂರು ತಲೆಮಾರು ದಾಟಿದರೆ ಹೆಸರೇ ಇಲ್ಲ. “ಗೊತ್ತಿಲ್ದೋರೂ ಬಂದು ಉಣ್ಣಿ” ಅನ್ನುವರು. ಆ ಗೊತ್ತಿಲ್ಲದವರು ಯಾರು ಎಂದು ತಿಳಿಯುವ ಹಂಬಲ ನನಗೆ ಹತ್ತಿದ್ದು ಅಲ್ಲಿಯೇ.

ಹೆಳವಯ್ಯ ಬಂದಾಗ ಕೇಳಿದೆ. ಮನೆತನದ ವಂಶಾವಳಿ ಕಾಯುವುದೇ ಹೆಳವರ ಕುಲಕಸುಬು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸಿಕೊಂಡು ಬರುತ್ತಿದ್ದರು. ಮೊರದ ತುಂಬ ರಾಗಿ ಕೊಟ್ಟೆ. ಐದು ತಲೆಮಾರು ಒಂದೇ ಉಸಿರಿಗೆ ಹೇಳಿದ, ಎಲ್ಲ ಗಂಡಸರೇ. ಅಜ್ಜಿಯರು? “ಹೆಣ್ಮಕ್ಕಳ ಹೆಸ್ರು ನಮ್ಮಲ್ಲಿಲ್ಲ ಕನವ್ವ.” ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ಹೆತ್ತವರು ಇಬ್ಬರು, ಅವರ ಹೆತ್ತವರು ನಾಲ್ವರು, ಹೀಗೇ ಎಂಟು, ಹದಿನಾರು, ಮೂವತ್ತೆರಡು. ಐದು ತಲೆಮಾರಿಗೆ 62 ಜನ. ಹೆಳವಯ್ಯನ ಬಾಯಲ್ಲಿ ಬಂದವರು 5. ಉಳಿದ 57 ಜನರ ರಕ್ತವೂ ನಮ್ಮ ಮೈಯಲ್ಲಿ ಅಷ್ಟೇ ಹರಿಯುತ್ತಿದೆ.

ಅಮೆರಿಕದ ಯೂಟಾದಲ್ಲಿ 1847ರಲ್ಲಿ ನೆಲೆಯೂರಿದ ಮಾರ್ಮನ್ ಎಂಬ ಕ್ರೈಸ್ತ ಪಂಥದವರಿಗೂ ಹಿರಿಯರ ಹೆಸರು ಹುಡುಕುವ ಇದೇ ಹಂಬಲ. 1894ರಲ್ಲೇ ವಂಶಾವಳಿ ಸಂಘ ಕಟ್ಟಿ, ವಲಸೆ ಬಂದವರ ಮೂಲಗಳನ್ನು ಕಡಲಾಚೆ ಹುಡುಕಿದರು. ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆದರೆ ಅವರಿಗೂ ಮುಕ್ತಿಯ ದಾರಿ ತೆರೆಯುತ್ತದೆ, ಒಪ್ಪುವುದು ಬಿಡುವುದು ಸತ್ತವರಿಗೇ ಬಿಟ್ಟದ್ದು ಎಂಬುದು ಅವರ ನಂಬಿಕೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳ ಹೆಸರಿನಲ್ಲೂ ಹಾಗೆ ಮಾಡಿದಾಗ ಯಹೂದಿಗಳು ನೊಂದರು. 1995ರಲ್ಲಿ ಅದನ್ನು ನಿಲ್ಲಿಸುವ ಒಪ್ಪಂದವಾಯಿತು. ಸತ್ತವರಿಗೆ ಉಣ್ಣಿ ಎನ್ನಬಹುದು, ನಮ್ಮವರಾಗಿ ಎನ್ನಲು ನಮಗೆ ಅಧಿಕಾರವಿಲ್ಲ.

ಸಾಲ ಉಳಿಯಿತೇ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಭೀಷ್ಮಾಷ್ಟಮಿಯಲ್ಲಿ. ಮದುವೆಯಾಗದ, ಮಕ್ಕಳಿಲ್ಲದ ಭೀಷ್ಮನಿಗೆ ಮಾಘ ಶುದ್ಧ ಅಷ್ಟಮಿಯಂದು ಅವನ ಕುಲಕ್ಕೆ ಸೇರದವರೂ ನೀರು ಬಿಡುತ್ತಾರೆ. ಸಂತಾನವೊಂದೇ ದಾರಿಯಾಗಿದ್ದರೆ ಶಾಸ್ತ್ರವೇ ಈ ಬಾಗಿಲನ್ನು ಏಕೆ ತೆರೆದಿಟ್ಟಿತು? ನೆನೆಯುವವರು ಇರುವ ತನಕ ಪಿತೃಗಳಿಗೆ ಅನ್ನವಿದೆ. ನೆನೆಯಲು ಹೊಟ್ಟೆಯಲ್ಲಿ ಹುಟ್ಟಿರಬೇಕಿಲ್ಲ.

ಅದಕ್ಕೇ ಈಗ ಅಜ್ಜಿಯರನ್ನು ಹುಡುಕುತ್ತಿದ್ದೇನೆ, ಅತ್ತೆಯ ತವರಲ್ಲಿ, ನನ್ನ ತಾಯಿಯ ತವರಲ್ಲಿ, ನಂಜನಗೂಡಿನ ಸಂತೆಯಲ್ಲಿ ಸಿಗುವ ಮುದುಕಿಯರ ಬಾಯಲ್ಲಿ. ಸಿಕ್ಕ ಹೆಸರುಗಳನ್ನು ಬರೆದಿಟ್ಟ ನೋಟ್‌ಬುಕ್ಕನ್ನು ಮೈದುನನ ಮಗಳಿಗೆ ಕೊಡುತ್ತೇನೆ. ಹೆಳವಯ್ಯ ಮತ್ತೆ ಬಂದರೆ ಅವನೂ ಇದನ್ನು ನೋಡಿ ಬರೆದುಕೊಳ್ಳಲಿ. ಇನ್ನೊಂದು ಮೊರ ರಾಗಿ ಕೊಡುತ್ತೇನೆ.