ಬಿಚ್ಚಿಟ್ಟ ವಾಹನವು ಪರಿಗ್ರಹವಲ್ಲವೇ?

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿ, ಯಾನದ ಮಿತಿಯನ್ನು ಎರಡಕ್ಕೆ ನಿಲ್ಲಿಸಿಕೊಂಡಿರುವ ಮಲೆನಾಡಿನ ಶ್ರಾವಕರೊಬ್ಬರಿಗೆ ತಂದೆಯವರ ನಿಧನಾನಂತರ ಮೂರನೆಯ ವಾಹನವೊಂದು ಪಾಲಿಗೆ ಬಂದಿದೆ. ಅದು 1951ರ ಶೆವ್ರೊಲೆಟ್ 3100 ಪಿಕಪ್. ಬಹು ವರ್ಷಗಳಿಂದ ತೋಟದ ಕೊಟ್ಟಿಗೆಯ ಪಕ್ಕದಲ್ಲಿ ಚಲನೆಯಿಲ್ಲದೆ ನಿಂತಿದೆ. ಅದನ್ನು ಬಿಚ್ಚಿ ಒಳ್ಳೆಯ ಭಾಗಗಳನ್ನು ಉಗ್ರಾಣದಲ್ಲಿರಿಸಿದರೆ ಅದು ವಾಹನವಾಗಿ ಉಳಿಯದಾದ್ದರಿಂದ ವ್ರತಕ್ಕೆ ಬಾಧೆಯಿಲ್ಲವಲ್ಲವೇ ಎಂದು ಅವರು ಕೇಳಿದ್ದಾರೆ. ಇದು ಗ್ಯಾರೇಜಿನವರನ್ನು ಕೇಳಬೇಕಾದ ಪ್ರಶ್ನೆಯಂತೆ ತೋರಿದರೂ ವ್ರತಿಕರೆಲ್ಲರೂ ವಿಚಾರಿಸತಕ್ಕ ವಿಷಯವೊಂದು ಇದರಲ್ಲಡಗಿದೆ.

ಮೊದಲು ಆ ವಾಹನದ ವಿಷಯ. ಜನರಲ್ ಮೋಟಾರ್ಸ್ ಸಂಸ್ಥೆಯು ಈ ಮಾದರಿಯನ್ನು 1947ರಲ್ಲಿ ಹೊರತಂದು 1955ರವರೆಗೆ ತಯಾರಿಸಿತು. ಅದೇ ಸಂಸ್ಥೆಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಆರಂಭಿಸಿದ್ದ ಜೋಡಣೆಯ ಕಾರ್ಖಾನೆ 1954ರಲ್ಲಿ ಮುಚ್ಚಿತು. ಅಂದಿನಿಂದ ನಮ್ಮಲ್ಲಿ ಇಂತಹ ವಾಹನದ ಬಿಡಿಭಾಗವೆಂದರೆ ಬಹುಮಟ್ಟಿಗೆ ಇನ್ನೊಂದು ಹಳೆಯ ವಾಹನದ ಅಂಗವೇ ಸರಿ. ಇದರ ಎಂಜಿನ್ ಆರು ಸಿಲಿಂಡರಿನದು, 216 ಘನ ಅಂಗುಲದ್ದು. ಅದರ ಕನೆಕ್ಟಿಂಗ್ ರಾಡುಗಳ ಬೇರಿಂಗುಗಳನ್ನು ಇಂದಿನಂತೆ ತೆಗೆದು ಬೇರೆ ಹಾಕುವಂತಿಲ್ಲ. ಬ್ಯಾಬಿಟ್ ಎಂಬ ಮೃದು ಲೋಹವನ್ನು ಕರಗಿಸಿ ರಾಡಿಗೇ ಎರೆದಿರುತ್ತಾರೆ. ಆ ಕೆಲಸ ಬಲ್ಲವರು ಈಗ ವಿರಳ. ಹಿಂದಿನ ಚಕ್ರಗಳಿಗೆ ಶಕ್ತಿಯನ್ನೊಯ್ಯುವ ದಂಡವೂ ಮುಚ್ಚಿದ ಕೊಳವೆಯೊಳಗೆ ಕುಳಿತಿರುವುದರಿಂದ, ಗೇರುಪೆಟ್ಟಿಗೆಯೊಂದನ್ನೇ ತೆಗೆಯುವೆನೆಂದು ಹೊರಟವನು ಅದರ ಜೋಡಣೆಯನ್ನೂ ಸಡಿಲಿಸಬೇಕಾಗುತ್ತದೆ. ಸ್ವಲ್ಪ ಬಿಚ್ಚುವ ಸಂಕಲ್ಪವು ಎಲ್ಲವನ್ನೂ ಬಿಚ್ಚುವಲ್ಲಿ ಮುಗಿಯುವುದು ಹೀಗೆಯೇ.

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಟ್ಟಿರುವ ದೃಷ್ಟಾಂತವು ಓದುಗರಿಗೆ ಪರಿಚಿತವೇ ಆಗಿದೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶ ಬೇಕಾದವನಿಗೆ ಶೋಕ, ಕಿರೀಟ ಬೇಕಾದವನಿಗೆ ಹರ್ಷ, ಚಿನ್ನವಷ್ಟೇ ಬೇಕಾದವನಿಗೆ ಎರಡೂ ಇಲ್ಲ. ಪಿಕಪ್ಪನ್ನು ಬಿಚ್ಚಿದಾಗಲೂ ಅಷ್ಟೆ: ತಂದೆಯ ಪಕ್ಕದಲ್ಲಿ ಕುಳಿತು ಅದರಲ್ಲಿ ಸಂಚರಿಸಿದ ಮಗನಿಗೆ ದುಃಖ, ನೇರವಾದ ಒಂದು ಬಾಗಿಲಿಗಾಗಿ ವರ್ಷಗಟ್ಟಲೆ ಅಲೆದವನಿಗೆ ಸಂತೋಷ. ಗುಜರಿಯವನು ತಕ್ಕಡಿ ಹಿಡಿದು ಮಧ್ಯಸ್ಥನಾಗಿ ನಿಂತಿರುತ್ತಾನೆ (ಅವನ ಮಾಧ್ಯಸ್ಥ್ಯವು ಕಿಲೋ ದರ ಕೇಳುವವರೆಗೆ ಮಾತ್ರ!). ಪರ್ಯಾಯವು ಅಳಿದರೂ ದ್ರವ್ಯವು ಉಳಿಯುತ್ತದೆ. ಉಗ್ರಾಣ ಸೇರಿದ ಭಾಗಗಳಲ್ಲಿ ಕಬ್ಬಿಣವೂ ಉಳಿದಿದೆ, 'ನನ್ನದು' ಎಂಬ ಭಾವವೂ ಉಳಿದಿದೆ. ಪರಿಗ್ರಹವೆಂದರೆ ಮೂರ್ಛೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸಿರುವಾಗ, ನಟ್ಟು ಬೋಲ್ಟುಗಳನ್ನು ಕಳಚಿದ ಮಾತ್ರಕ್ಕೆ ಪರಿಗ್ರಹವು ಕಳಚಿತೆನ್ನುವುದು ಹೇಗೆ? ಬಾಹ್ಯ ಪರಿಗ್ರಹದ ಹತ್ತು ಭೇದಗಳಲ್ಲಿ ಯಾನದ ಲೆಕ್ಕದಿಂದ ಒಂದನ್ನು ಹೊಡೆದುಹಾಕಿ, ಭಾಂಡದ ಲೆಕ್ಕಕ್ಕೆ ಇನ್ನೂರನ್ನು ಸೇರಿಸಿದಂತಾಯಿತು.

ವಾಹನವು ತಾನಾಗಿ ಪಾಲಿಗೆ ಬಂದುದರಿಂದ ವ್ರತಭಂಗವಾಯಿತೆಂದು ನಾನು ಭಾವಿಸುವುದಿಲ್ಲ. ಉಳಿಸಿಕೊಳ್ಳುವುದಕ್ಕೆ ಉಪಾಯ ಹುಡುಕತೊಡಗಿದಾಗಲೇ ದೋಷಕ್ಕೆ ಆರಂಭ. ಬಿಚ್ಚುವುದಾದರೆ ಕೊಡುವುದಕ್ಕಾಗಿ ಬಿಚ್ಚಬೇಕು.

ಹಾಗಾದರೆ ಇಡಿಯಾಗಿಯೇ ಕೊಡಬಾರದೇ? ಚಾಸಿಸ್ ಗಟ್ಟಿಯಿದ್ದು, ಪುನಃ ನಡೆಸಬಲ್ಲ ಗೃಹಸ್ಥನು ದೊರೆತರೆ ಖಂಡಿತವಾಗಿ ಹಾಗೆಯೇ ಮಾಡಬೇಕು. ಒಂದು ನಡೆಯುವ ವಾಹನದ ಹಿಂದೆ ನೂರಾರು ಕಾರ್ಮಿಕರ ಶ್ರಮವಿದೆ. ಅದನ್ನು ಚದರಿಸುವುದು ಸುಲಭ, ಕೂಡಿಸುವುದು ಕಷ್ಟ. ಐವತ್ತು ವರ್ಷ ಮೀರಿ ಮೂಲರೂಪದಲ್ಲಿ ಉಳಿದಿರುವ ವಾಹನಗಳ ನೋಂದಣಿಗೆ ಕೇಂದ್ರ ಸರಕಾರವು 2021ರಲ್ಲಿ ಪ್ರತ್ಯೇಕ ನಿಯಮವನ್ನೇ ಮಾಡಿದೆ. ಆದರೆ ನಮ್ಮವರ ವಾಹನದ ಚಾಸಿಸ್ ಕ್ಯಾಬಿನ ಕೆಳಗೆ ತುಕ್ಕು ತಿಂದು ತೂತಾಗಿದೆ. ಅದನ್ನು ಇಡಿಯಾಗಿಡುವುದೆಂದರೆ ನಿಂತಲ್ಲೇ ಕರಗಲು ಬಿಡುವುದೆಂದೇ ಅರ್ಥ. ಮತ್ತೆರಡು ಪಿಕಪ್ಪುಗಳು ಇದರ ಅಂಗಗಳಿಂದ ಓಡುವುದಾದರೆ ಬಿಚ್ಚುವುದೇ ಮೇಲೆಂದು ನನ್ನ ಅಭಿಪ್ರಾಯ.

ಕೊಡುವಾಗ ಸತ್ಯವನ್ನೂ ಜೊತೆಗೆ ಕೊಡಬೇಕು. ಈ ಮಾದರಿಯ ಬಾಗಿಲಿಗೆ ಚಿಕ್ಕ ತಿರುಗುವ ಗಾಜು ಬಂದದ್ದು 1951ರಲ್ಲಿ. ಹಿಡಿಯ ಬದಲು ಒತ್ತುವ ಗುಂಡಿ ಬಂದದ್ದು 1952ರಲ್ಲಿ. 1951ರ ಬಾಗಿಲನ್ನು 1948ರ ವಾಹನಕ್ಕೆ ಹಾಕಿ ಓಡಿಸುವುದರಲ್ಲಿ ತಪ್ಪಿಲ್ಲ, ಎಲ್ಲವೂ ಮೂಲದ್ದೇ ಎಂದು ಹೇಳಿ ಮಾರಿದರೆ ಅದು ಪ್ರತಿರೂಪಕ ವ್ಯವಹಾರ, ಅಚೌರ್ಯಾಣುವ್ರತಕ್ಕೆ ಅತಿಚಾರ. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ವಾಹನವು ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ ಹದಿನಾಲ್ಕು ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಿ ಆರ್.ಸಿ. ಒಪ್ಪಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 55ನೆಯ ಪ್ರಕರಣವು ಹೇಳುತ್ತದೆ. ಸತ್ತ ವಾಹನದ ಪುಸ್ತಕವನ್ನು ಬೇರೆ ವಾಹನಕ್ಕೆ ಅಂಟಿಸುವ ಚತುರರಿದ್ದಾರೆ. ವಿರುದ್ಧರಾಜ್ಯಾತಿಕ್ರಮದಲ್ಲಿ ಅವರಿಗೆ ಸಹಾಯಕರಾಗುವುದು ಶ್ರಾವಕರಿಗೆ ಸಲ್ಲದು. ಕೊಟ್ಟ ಮೇಲೆ ಆ ಬಾಗಿಲು ಬೇರೆಡೆ ಮೂರು ಪಟ್ಟು ಬೆಲೆಗೆ ಹೋಯಿತೆಂದು ಕೇಳಿ ಮನಸ್ಸು ಕಂಗೆಟ್ಟರೆ, ರತ್ನಕರಂಡಕದಲ್ಲಿ ವಿಸ್ಮಯವೆಂಬ ಅತಿಚಾರವನ್ನು ಏಕೆ ಹೇಳಿದೆಯೆಂದು ಆಗ ತಿಳಿಯುತ್ತದೆ.

ಇನ್ನು ಜೀವದಯೆಯ ಮಾತು. ಪಿಕಪ್ಪಿನ ಹಿಂಭಾಗದ ತಳವು ಮರದ ಹಲಗೆಗಳದು. ಬಹುಕಾಲ ನಿಂತ ಹಲಗೆಯಲ್ಲಿ ಗೆದ್ದಲು, ಆಸನದ ಕೆಳಗೆ ಇಲಿಯ ಮರಿಗಳು, ದೀಪದ ಗೂಡಿನಲ್ಲಿ ಕಣಜ ಇರುವುದು ಸಹಜ. ಮಳೆಗಾಲದಲ್ಲಿ ಕೈಹಾಕುವುದು ಬೇಡ. ಚಾತುರ್ಮಾಸ ಕಳೆದ ಮೇಲೆ, ಹಗಲು ಬೆಳಕಿನಲ್ಲಿ ನೋಡಿ ನೋಡಿ ಬಿಚ್ಚಬೇಕು. ಎಂಜಿನ್ ಮತ್ತು ಗೇರಿನ ಎಣ್ಣೆಯನ್ನು ಡಬ್ಬಿಗೆ ಇಳಿಸಿಕೊಳ್ಳಬೇಕು. ತೋಟದ ಮಣ್ಣಿಗೆ ಸುರಿದರೆ ಅಲ್ಲಿ ಸಾಯುವ ಜೀವಗಳ ಲೆಕ್ಕವನ್ನು ಯಾರಿಡುವರು?

ಇಷ್ಟನ್ನು ಬರೆದು ಕಳುಹಿಸಿದ ಮೇಲೆ ಅವರಿಂದ ಮತ್ತೊಂದು ಪತ್ರ ಬಂದಿದೆ. ಎಲ್ಲವನ್ನೂ ಕೊಡಲು ಒಪ್ಪಿದ್ದಾರೆ. ತಂದೆಯವರ ಕೈ ಸವೆಸಿದ ಸ್ಟೀರಿಂಗ್ ಚಕ್ರವನ್ನು ಮಾತ್ರ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದಾರೆ. ಇಟ್ಟುಕೊಳ್ಳಿರಿ, ಆದರೆ ಭಾಂಡದ ಲೆಕ್ಕದಲ್ಲಿ ಬರೆದುಕೊಳ್ಳಿರಿ ಎಂದು ಉತ್ತರಿಸಿದ್ದೇನೆ.