ಅಂಜಿಕೆಗೂ ಒಂದು ಟಿಕೀಟು

ಮನುಷ್ಯನು ಸುಖಕ್ಕಾಗಿ ಹಣ ಕೊಡುತ್ತಾನೆಂದರೆ ಯಾರಿಗೂ ಆಶ್ಚರ್ಯವಿಲ್ಲ. ಅಂಜಿಕೆಗಾಗಿಯೂ ಹಣ ಕೊಡುತ್ತಾನೆ ಎಂಬುದು ಮಾತ್ರ ಸ್ವಲ್ಪ ಯೋಚಿಸಬೇಕಾದ ಸಂಗತಿ. ಫಾಲ್ಗುಣ ಮಾಸದಲ್ಲಿ ಆದಿಚುಂಚನಗಿರಿಯ ಜಾತ್ರೆಗೆ ಬೆಳ್ಳೂರಿನ ಕಡೆಯಿಂದ ಹೊರಟ ಒಂದು ಸಂಸಾರವನ್ನು ಮನಸ್ಸಿನಲ್ಲಿಯೇ ಹಿಂಬಾಲಿಸಿ ನೋಡಿ. ಬೆಟ್ಟ ಹತ್ತಿ, "ಮಕ್ಕಳನ್ನು ಕಾಪಾಡಪ್ಪ" ಎಂದು ಭೈರವನಿಗೆ ಕೈಮುಗಿದು ಇಳಿದ ತಾಯಿ, ಕೆಳಗೆ ಬಂದೊಡನೆ ಅದೇ ಮಕ್ಕಳನ್ನು ರಾಟೆತೊಟ್ಟಿಲಿಗೆ ಹತ್ತಿಸುತ್ತಾಳೆ. ಸಂತೆಯಲ್ಲಿ ಒಂದು ಬದನೆಕಾಯಿಯನ್ನು ನಾಲ್ಕು ಸಲ ಹಿಸುಕಿ ನೋಡುವ ಯಜಮಾನರು ಆ ತೊಟ್ಟಿಲಿನ ಒಂದು ಬೋಲ್ಟನ್ನೂ ಮುಟ್ಟಿ ನೋಡುವುದಿಲ್ಲ.

ಸಮುದ್ರತೀರದ ದೇಶಗಳವರು ಈ ವ್ಯಾಪಾರವನ್ನು ಬಹಳ ದೊಡ್ಡದಾಗಿ ಬೆಳೆಸಿದರು. ಇಂಗ್ಲೆಂಡಿನಲ್ಲಿ ಕಡಲೊಳಕ್ಕೆ ಚಾಚಿದ ಕಟ್ಟೆಗಳಿವೆ. ಪಿಯರ್ ಎಂದು ಅವುಗಳ ಹೆಸರು. ಮೊದಮೊದಲು ಹಡಗಿನಿಂದ ಇಳಿಯುವವರ ಅನುಕೂಲಕ್ಕೆ ಕಟ್ಟಿದ್ದು, ಆಮೇಲೆ ಗಾಳಿಸೇವನೆಗೆ, ಕೊನೆಗೆ ಉಯ್ಯಾಲೆ ತೊಟ್ಟಿಲುಗಳ ಮೋಜಿಗೆ ನೆಲೆಯಾಯಿತು. ಬ್ರೈಟನ್ ಪಟ್ಟಣದಲ್ಲಿ 1899ರಲ್ಲಿ ತೆರೆದ ಕಟ್ಟೆ 1,722 ಅಡಿ ಸಮುದ್ರದೊಳಕ್ಕೆ ಹೋಗುತ್ತದೆ. ಕಾಲ ಕೆಳಗೆ ಅಲೆಗಳು ಮೊರೆಯುತ್ತಿರಬೇಕು, ಪಾದ ಮಾತ್ರ ನೆನೆಯಬಾರದು! ಅಪಾಯದ ಮೇಲೆ ಹಲಗೆ ಹಾಸಿಕೊಂಡು ಓಡಾಡುವ ಈ ಆಸೆಗೆ ಕಡಲೇ ಬೇಕೆಂದಿಲ್ಲ. ಬೆಳ್ಳೂರಿಗೆ ಸಮುದ್ರ ದೂರ. ಜಾತ್ರೆಯ ಬಯಲು ಹತ್ತಿರ.

ರಾಟೆತೊಟ್ಟಿಲು ಪಶ್ಚಿಮದ ಯಂತ್ರಯುಗದ ಸೃಷ್ಟಿಯೆಂದು ಭಾವಿಸುವವರುಂಟು. 1893ರಲ್ಲಿ ಷಿಕಾಗೋ ನಗರದ ಪ್ರದರ್ಶನದಲ್ಲಿ ಫೆರಿಸ್ ಎಂಬ ಇಂಜಿನಿಯರು 264 ಅಡಿ ಎತ್ತರದ ಚಕ್ರವನ್ನು ನಿಲ್ಲಿಸಿದ್ದು ನಿಜ. ಆದರೆ ಅದಕ್ಕೆ ಇನ್ನೂರ ಎಪ್ಪತ್ತು ವರ್ಷ ಮೊದಲೇ, 1620ರಲ್ಲಿ, ಪೀಟರ್ ಮಂಡಿ ಎಂಬ ಪ್ರವಾಸಿ ತುರ್ಕರ ಆಳ್ವಿಕೆಯ ಊರೊಂದರಲ್ಲಿ ಮರದ ತೊಟ್ಟಿಲುಚಕ್ರವನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ದೇಶದ ಜಾತ್ರೆಗಳಲ್ಲಂತೂ ಇಂಜಿನ್ನಿಲ್ಲದೆ, ಹುಡುಗರು ಚಕ್ರದ ಅಡ್ಡಪಟ್ಟಿಗಳನ್ನೇ ಹತ್ತಿ ತಮ್ಮ ಮೈಭಾರದಿಂದ ಅದನ್ನು ತಿರುಗಿಸುವುದುಂಟು.

ಈ ತೊಟ್ಟಿಲಿನ ಅಂಜಿಕೆಯಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ಮೇಲಿನಿಂದ ಕೆಳಕ್ಕೆ ತಿರುಗುವಾಗ ಕುಳಿತ ಹಲಗೆ ಮೈಯನ್ನು ಮೊದಲಿನಷ್ಟು ಒತ್ತಿ ಹಿಡಿಯುವುದಿಲ್ಲ, ಹೊಟ್ಟೆಯೊಳಗೆ ಜುಮ್ಮೆನ್ನುತ್ತದೆ, ಮಗು ಕಿರಿಚಿ, ಮರುಕ್ಷಣವೇ ನಗುತ್ತದೆ. ಹಣವೂ ತನ್ನದು, ಅಂಜಿಕೆಯೂ ತನ್ನದು. ಹೆದರಿ ಹಿಂತಿರುಗುವ ಈ ಅಭ್ಯಾಸ ಎಲ್ಲ ಮಕ್ಕಳಿಗೂ ಸ್ವಲ್ಪ ಬೇಕು.

ಆದರೆ ದೊಡ್ಡ ಜಾತ್ರೆಗಳಲ್ಲಿ, ವಸ್ತುಪ್ರದರ್ಶನಗಳಲ್ಲಿ, ತೊಟ್ಟಿಲಿನ ಪಕ್ಕದಲ್ಲಿಯೇ ಮರದ ಹಲಗೆಗಳ ದೊಡ್ಡ ಬಾವಿಯೊಂದು ಎದ್ದಿರುತ್ತದೆ. ಸಾವಿನ ಬಾವಿ ಎಂದೇ ಅದರ ಹೆಸರು. ಮೆಟ್ಟಿಲು ಹತ್ತಿ ಅಟ್ಟಣಿಗೆಯ ಮೇಲೆ ನಿಂತು ನಾವು ಒಳಕ್ಕೆ ಬಗ್ಗಿ ನೋಡುತ್ತೇವೆ. ಕೆಳಗೆ ಒಬ್ಬ ತರುಣ ಮೋಟಾರುಸೈಕಲ್ಲನ್ನು ಹೊರಡಿಸಿ ಸುತ್ತುತ್ತ ಸುತ್ತುತ್ತ ನೆಟ್ಟಗೆ ನಿಂತ ಗೋಡೆಯನ್ನೇ ಏರುತ್ತಾನೆ. ಅವನನ್ನು ಬೀಳದಂತೆ ಹಿಡಿದಿರುವುದು ಅವನ ವೇಗವೊಂದೇ. ಅದು ಕುಗ್ಗಿತೋ, ಬಿದ್ದನೆಂದೇ ಅರ್ಥ. ಹಲಗೆಗಳು ಗಡಗಡನೆ ನಡುಗುತ್ತವೆ, ನಮ್ಮ ಕಾಲೂ ನಡುಗುತ್ತದೆ. ಆಗ ಯಾರೋ ಒಬ್ಬರು ಅಂಚಿನಿಂದ ಹತ್ತು ರೂಪಾಯಿಯ ನೋಟೊಂದನ್ನು ಚಾಚುತ್ತಾರೆ. ಸವಾರನು ಹಿಡಿಯಿಂದ ಕೈ ಬಿಟ್ಟು, ಓಟದಲ್ಲಿಯೇ ಅದನ್ನು ಕಸಿದುಕೊಂಡು ಹೋಗುತ್ತಾನೆ. ಚಪ್ಪಾಳೆ. ಆ ನೋಟು ಬಹುಮಾನವೋ, ಆಮಿಷವೋ?

ಇದು ನಮ್ಮ ಜಾತ್ರೆಗಳ ಒರಟುತನವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಸ್ಟೀಲ್ ಪಿಯರ್ ಎಂಬ ಕಟ್ಟೆಯಲ್ಲಿ, ಸುಮಾರು 40 ಅಡಿ ಎತ್ತರದಿಂದ ಹೆಂಗಸೊಬ್ಬಳನ್ನು ಹೊತ್ತ ಕುದುರೆ ನೀರಿನ ತೊಟ್ಟಿಗೆ ಧುಮುಕುವ ಆಟವಿತ್ತು. ಸೊನೋರಾ ವೆಬ್‌ಸ್ಟರ್ ಎಂಬಾಕೆ 1931ರಲ್ಲಿ ಹೀಗೆ ಧುಮುಕಿದಾಗ ನೀರಿನ ಹೊಡೆತಕ್ಕೆ ಕಣ್ಣು ಕಳೆದುಕೊಂಡಳು. ಆ ಮೇಲೂ ಹನ್ನೊಂದು ವರ್ಷ ಕುರುಡಿಯಾಗಿಯೇ ಧುಮುಕಿದಳು. ಆಕೆಯ ಧೈರ್ಯಕ್ಕೆ ತಲೆಬಾಗಬೇಕಾದದ್ದೆ. ಆಕೆಯನ್ನಾದರೂ ಒಪ್ಪಿಗೆ ಕೇಳಿದ್ದರು. ಕುದುರೆಯನ್ನು ಕೇಳಿದವರು ಯಾರು?

"ಸ್ವಾಮಿ, ಅದು ಅವನ ಹೊಟ್ಟೆಪಾಡು. ನೀವು ಟಿಕೀಟು ಕೊಳ್ಳದಿದ್ದರೆ ಅವನ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಗಾರೆಯವನೂ ಸಾರುವೆ ಹತ್ತಿ ಜೀವ ಪಣವಿಡುತ್ತಾನಲ್ಲ?" ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಆದರೆ ಸಾರುವೆಯನ್ನು ಎಷ್ಟೇ ಭದ್ರಪಡಿಸಿದರೂ ಮನೆಯ ಬೆಲೆ ಇಳಿಯುವುದಿಲ್ಲ. ಗಾರೆಯವನ ಅಪಾಯವನ್ನು ನಾವು ಕೊಂಡಿಲ್ಲ, ಅವನ ಕೆಲಸವನ್ನು ಕೊಂಡಿದ್ದೇವೆ. ಬಾವಿಯೊಳಗೆ ಒಂದು ಬಲೆ ಕಟ್ಟಿ, ಸವಾರನ ತಲೆಗೆ ಹೆಲ್ಮೆಟ್ಟು ಹಾಕಿಸಿ, ಹೆಸರಿನಿಂದ ಸಾವನ್ನು ತೆಗೆದುಹಾಕಿದರೆ ನಾವು ಟಿಕೀಟು ಕೊಳ್ಳುತ್ತೇವೆಯೆ? ಕೊಳ್ಳುವವರು ಅವನ ಕೌಶಲವನ್ನು ನೋಡಲು ಬಂದವರು. ಮಿಕ್ಕವರು ಏನನ್ನು ನೋಡಲು ಬಂದವರು ಎಂಬುದನ್ನು ಅವರವರೇ ಹೇಳಿಕೊಳ್ಳಬೇಕು.

ಬಲೆ ಕಟ್ಟಿದರೆ ಜನ ಬರುವುದಿಲ್ಲವೆಂಬ ಅಂಜಿಕೆ ಪೂರ್ತಿ ನಿಜವೂ ಅಲ್ಲ. ನಮ್ಮ ನಾಡಿನ ಸಿಡಿಯ ಆಚರಣೆಯನ್ನೇ ತೆಗೆದುಕೊಳ್ಳಿ. ಹಿಂದೆ ಹರಕೆ ಹೊತ್ತವನ ಬೆನ್ನಿನ ಚರ್ಮಕ್ಕೆ ಕೊಕ್ಕೆ ಸಿಕ್ಕಿಸಿ, ಉದ್ದದ ಮರಕ್ಕೆ ತೂಗುಹಾಕಿ ಗಾಳಿಯಲ್ಲಿ ಸುತ್ತಿಸುತ್ತಿದ್ದರು. ಕಾಲಕ್ರಮದಲ್ಲಿ ಅನೇಕ ಊರುಗಳಲ್ಲಿ ಕೊಕ್ಕೆ ಹೋಗಿ ಸೊಂಟಕ್ಕೆ ಬಟ್ಟೆ ಕಟ್ಟುವುದು ಬಂತು. ಜನ ಬರುವುದು ನಿಲ್ಲಲಿಲ್ಲ, ದೇವಿಯೂ ಮುನಿದಂತೆ ಕಾಣಲಿಲ್ಲ.

ಸಾವಿನ ಬಾವಿಗೆ ಅಷ್ಟು ದೊಡ್ಡ ಸುಧಾರಣೆ ಬರಲು ತಡವಾಗಬಹುದು. ಅಲ್ಲಿಯವರೆಗೆ, ಹತ್ತು ರೂಪಾಯಿ ಕೊಡಲೇಬೇಕೆನ್ನಿಸಿದವರು ಸವಾರನು ಕೆಳಗಿಳಿದು, ಇಂಜಿನ್ನು ನಿಲ್ಲಿಸಿ, ಬೆವರು ಒರೆಸಿಕೊಂಡ ಮೇಲೆ ಕೊಡಬಹುದಲ್ಲ. ಆದರೆ ಅಷ್ಟು ಹೊತ್ತಿಗೆ ಅಟ್ಟಣಿಗೆ ಬರಿದಾಗಿರುತ್ತದೆ; ನೋಟು ಚಾಚಿದವರೆಲ್ಲ ಮೆಟ್ಟಿಲಿಳಿದು ಕಡಲೆಪುರಿಯ ಅಂಗಡಿಯ ಕಡೆಗೆ ಹೊರಟಿರುತ್ತಾರೆ.