ಹಳದಿ ಬದುಕು, ಕಪ್ಪು ಬೀಜಕ

ತೀರಿಕೊಂಡವರ ಬಗ್ಗೆ ನಾವು ಬೇಗನೆ ಕೇಳಿಬಿಡುವ ಪ್ರಶ್ನೆ, 'ಏನು ಮಾಡಿಟ್ಟು ಹೋದರು?' ಮನೆಯೋ ಹೊಲವೋ ಪುಸ್ತಕವೋ ಏನಾದರೊಂದು ಉಳಿದಿರಬೇಕು. ಉಳಿದದ್ದರಿಂದಲೇ ಬದುಕನ್ನು ಅಳೆಯುವುದು ನ್ಯಾಯವೇ? ಹೀಗೆ ಯೋಚಿಸುವಾಗಲೆಲ್ಲ ನನಗೆ ಲೋಳೆಬೂಷ್ಟು ನೆನಪಾಗುತ್ತದೆ.

ಹೆಸರಿನಲ್ಲಿ ಬೂಷ್ಟು ಇದ್ದರೂ ಇದು ಶಿಲೀಂಧ್ರವಲ್ಲ. ಕೊಳೆತ ಮರ, ತರಗೆಲೆಗಳ ಮೇಲೆ ಹರಡಿಕೊಳ್ಳುವ, ಅಸಂಖ್ಯ ನ್ಯೂಕ್ಲಿಯಸ್‌ಗಳಿರುವ ಒಂದೇ ಜೀವಕೋಶ. ಪ್ರಯೋಗಾಲಯಗಳಿಗೆ ಚಿರಪರಿಚಿತವಾದ ಫೈಸೇರಮ್ ಪಾಲಿಸೆಫಲಮ್ ಹಳದಿ ಬಣ್ಣದ್ದು. ಗಂಟೆಗೆ ಕೆಲವು ಸೆಂಟಿಮೀಟರ್ ತೆವಳುತ್ತದೆ. ಮಿದುಳಿಲ್ಲದ ಈ ಜೀವಿ ಸುತ್ತುಬಳಸಿನ ಜಾಡುಗಳ ನಡುವೆ ಆಹಾರದಿಂದ ಆಹಾರಕ್ಕೆ ಅತಿ ಹತ್ತಿರದ ದಾರಿ ಹಿಡಿಯುತ್ತದೆಂದು ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು.

ಆಹಾರ ಮುಗಿದು ಬೆಳಕು ಬಿದ್ದಾಗ ಈ ಅಲೆದಾಟ ನಿಲ್ಲುತ್ತದೆ. ಮೈ ಪುಟ್ಟ ಕಡ್ಡಿಗಳ ಮೇಲಿನ ಬೀಜಕದ ಚೀಲಗಳಾಗಿ ಮಾರ್ಪಡುತ್ತದೆ. ಹಳದಿ ಮೈಯಿಂದ ಹೊರಬರುವ ಪುಡಿ ಮಾತ್ರ ಕಪ್ಪುಗಂದು. ಅದಕ್ಕೆ ಕಾರಣ ಮೆಲನಿನ್, ನಮ್ಮ ಕೂದಲಿಗೆ ಬಣ್ಣ ಕೊಡುವ ವರ್ಣದ್ರವ್ಯದ ಬಳಗದ್ದು. ತಜ್ಞರು ಪ್ರಭೇದಗಳನ್ನು ಮುಖ್ಯವಾಗಿ ಗುರುತಿಸುವುದು ಈ ಹಂತದಲ್ಲೇ. ತಿಳಿಬಣ್ಣದ ಬೀಜಕದವು, ಗಾಢಬಣ್ಣದ ಬೀಜಕದವು ಎಂಬ ಹಳೆಯ ವಿಂಗಡಣೆಯನ್ನು ಡಿಎನ್ಎ ಅಧ್ಯಯನಗಳೂ ಬಹುಮಟ್ಟಿಗೆ ಒಪ್ಪಿವೆ.

ಇದನ್ನು ತಿರುಗಿಸಿ ನೋಡಿದವರು ಜಪಾನಿನ ನಿಸರ್ಗಶಾಸ್ತ್ರಜ್ಞ ಮಿನಾಕಾತ ಕುಮಗುಸು (1867–1941). ಹರಿದಾಡುವ ಲೋಳೆಯನ್ನು ಜನ ಕಫದಂತೆ ಕಡೆಗಣಿಸುತ್ತಾರೆ, ಚೀಲಗಳು ಎದ್ದು ನಿಂತಾಗ ಜೀವ ಬಂತು ಎನ್ನುತ್ತಾರೆ. ನಿಜವಾಗಿ ಬದುಕಿದ್ದದ್ದು ಆ ಲೋಳೆಯೇ ಎಂದು ಅವರು ಪತ್ರವೊಂದರಲ್ಲಿ ವಾದಿಸಿದ್ದರು.

ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಬೀಜಕವೂ ಸತ್ತದ್ದಲ್ಲ, ದಶಕಗಳ ನಂತರವೂ ಮೊಳೆಯಬಲ್ಲದು. ಹೆಸರಿಡುವುದಕ್ಕೆ ಅದರ ಬಣ್ಣ ಬೇಕೇ ಬೇಕು. ಆದರೆ ಆ ಜೀವ ದಾರಿ ಹುಡುಕಿದ ಬಗೆ, ಹಿಂದೆ ಸರಿದು ಮತ್ತೆ ಮುಂದೆ ಹರಿದ ಬಗೆ ಬೀಜಕದ ಬಣ್ಣದಲ್ಲಿ ಕಾಣುವುದಿಲ್ಲ. ಗುರುತಿಸಲು ಇರುವ ಅಳತೆಯನ್ನು ಬೆಲೆ ಕಟ್ಟುವ ಅಳತೆ ಮಾಡಿಕೊಂಡಾಗ ಅನ್ಯಾಯ ಶುರುವಾಗುತ್ತದೆ. ಅಂಕಪಟ್ಟಿಯಿಂದ ವಿದ್ಯಾರ್ಥಿಯನ್ನು, ಆಸ್ತಿಯಿಂದ ಹಿರಿಯರನ್ನು ಅಳೆಯುವಾಗ ನಾವು ಮಾಡುವುದು ಇದನ್ನೇ. ಕೇರಿಯ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ, ಬಾಣಂತಿಯರಿಗೆ ನೀರೆರೆದ ಹೆಂಗಸಿನ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ.

ಏನು ಉಳಿಯಿತು ಎಂಬುದನ್ನು ಆಮೇಲೂ ಲೆಕ್ಕ ಹಾಕಬಹುದು. ಹೇಗೆ ಬದುಕುತ್ತಿದ್ದಾರೆ ಎಂಬುದನ್ನು ಮಾತ್ರ ಬದುಕಿರುವಾಗಲೇ ನೋಡಬೇಕು.